ಕವರ್ ಬಿಟ್ಟ ಸೀಲಪ್ಪ

ಸೀಲಪ್ಪ ಎಂಬುದು ಅವನ ಹೆಸರಲ್ಲ. ನೀರಿನ ಕಚೇರಿಯಲ್ಲಿ ಹೊಸ ನಲ್ಲಿಯ ಅರ್ಜಿಗಳ ಮೇಲೆ ದುಂಡನೆಯ ಸೀಲು ಒತ್ತುವುದು ಅವನ ಕೆಲಸ. ಆ ಸೀಲಿನ ಶಾಯಿ ಬೆರಳಿಗೂ ಅಂಗಿಯ ತೋಳಿಗೂ ಒಂದೊಂದು ದಿನ ಮೂಗಿನ ತುದಿಗೂ ಹತ್ತಿಕೊಂಡಿರುತ್ತಿದ್ದುದರಿಂದ ಜನರೇ ಸೇರಿ ಇಟ್ಟ ಹೆಸರು ಅದು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಇಂಥವನನ್ನು ಏಕವಚನದಲ್ಲಿ ಕರೆದರೂ ನಡೆಯುತ್ತದೆ ಎಂದು ಊರೆಲ್ಲ ತೀರ್ಮಾನ ಮಾಡಿಯಾಗಿತ್ತು. ನಾವೇನು ಊರಿಗಿಂತ ದೊಡ್ಡವರಲ್ಲ, ನಾವೂ ಹಾಗೇ ಕರೆಯೋಣ.

ಆಸ್ತಿ ಎಂದು ಹೇಳಿಕೊಳ್ಳಲು ಅವನಿಗಿದ್ದದ್ದು ಒಂದೇ, ಮರ್ಯಾದೆ. ಲಂಚದ ಮಾತು ಹಾಗಿರಲಿ, ಅರ್ಜಿ ತಂದವರು ಕೊಡಿಸಿದ ಅರ್ಧ ಲೋಟ ಚಹಾ ಕೂಡ ಅವನ ಗಂಟಲಿನಿಂದ ಕೆಳಗೆ ಇಳಿದದ್ದಿಲ್ಲ. ಇದರ ಬಗ್ಗೆ ಅವನಿಗೆ ಹೇಳಲಾರದಷ್ಟು ಹೆಮ್ಮೆ. ಕಷ್ಟ ಏನೆಂದರೆ, ಆ ಹೆಮ್ಮೆ ಇದ್ದದ್ದು ಅವನೊಬ್ಬನಿಗೇ. ಮಿಕ್ಕವರು ಅವನನ್ನು ಪ್ರಾಮಾಣಿಕ ಎಂದೂ ಹೇಳಲಿಲ್ಲ, ಕಳ್ಳ ಎಂದೂ ಹೇಳಲಿಲ್ಲ. ಗೋಡೆಗೆ ಒರಗಿಸಿಟ್ಟ ಛತ್ರಿಯ ಬಗ್ಗೆ ಯಾರಾದರೂ ಅಭಿಪ್ರಾಯ ಇಟ್ಟುಕೊಳ್ಳುತ್ತಾರೆಯೇ?

ಇನ್ನು ಅವನ ಅವಗುಣ. ಮರೆವು. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಬಟ್ಟೆ ಚೀಲಗಳು ಒಂದರ ಮೇಲೊಂದು ತೂಗುತ್ತಿದ್ದರೂ, ದಿನಾ ಬರಿಗೈಲಿ ಹೊರಡುವುದು, ಸಂಜೆ ಅಂಗಡಿಯ ಮುಂದೆ ನಿಂತು ಹಣೆ ಚಚ್ಚಿಕೊಳ್ಳುವುದು, ಬೆರಳಿಗೊಂದರಂತೆ ಪ್ಲಾಸ್ಟಿಕ್ ಕವರ್ ನೇತಾಡಿಸಿಕೊಂಡು ಮನೆಗೆ ಬರುವುದು. ಹೆಂಡತಿ ಬೈಯುತ್ತಿದ್ದಳು. ಬೈದು ಆ ಕವರ್‌ಗಳನ್ನು ಮಡಚಿ, ಬಿಸಾಡಲು ಮನಸ್ಸಾಗದೆ, ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟಿಗೆ ತುರುಕುತ್ತಿದ್ದಳು. ಕಪಾಟಿನ ಬಾಗಿಲು ಎಂದೋ ಮುಚ್ಚುವುದನ್ನು ಬಿಟ್ಟಿತ್ತು. ಅದಕ್ಕೆ ಹಗ್ಗ ಕಟ್ಟಿದ್ದರು.

ಒಂದು ಸಂಜೆ ಸೋಪು ತೆಗೆಯಲೆಂದು ಅವಳು ಹಗ್ಗ ಬಿಚ್ಚಿದಳು, ಕವರ್‌ಗಳು ಮೊಣಕಾಲಿನವರೆಗೆ ಬಂದು ಬಿದ್ದವು. ಅದೇ ಹೊತ್ತಿಗೆ ಸೀಲಪ್ಪ ಇನ್ನೂ ನಾಲ್ಕನ್ನು ಹಿಡಿದುಕೊಂಡು ಒಳಗೆ ಕಾಲಿಟ್ಟ. ಅವನ ಗ್ರಹಚಾರಕ್ಕೆ ಒಂದರಲ್ಲಿ ಬರೀ ಒಂದು ನಿಂಬೆಹಣ್ಣಿತ್ತು.

"ರೀ," ಎಂದಳು ಹೆಂಡತಿ, ಬಹಳ ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದರೆ ಮನೆಯವರಿಗೆಲ್ಲ ಕೈಕಾಲು ತಣ್ಣಗಾಗುತ್ತಿತ್ತು. "ಇನ್ನೊಂದೇ ಒಂದು ಕವರ್ ಈ ಮನೆ ಹೊಸಿಲು ದಾಟಿದ್ರೆ ನಾನು ಮಗಳನ್ನ ಕರ್ಕೊಂಡು ನಮ್ಮಮ್ಮನ ಮನೇಗೆ. ನೀವು ಇವುಗಳ ಜೊತೇಲೇ ಸಂಸಾರ ಮಾಡ್ಕೊಂಡಿರಿ."

ಸೀಲಪ್ಪ ಸಲಹೆ ಕೇಳಿದ್ದು ಹೆಂಡತಿಯ ತಮ್ಮನನ್ನು. ಈ ಬಾಮೈದ ಯಾವ ಕೆಲಸವನ್ನೂ ಮಾಡದೆ ಎಲ್ಲ ಕೆಲಸವನ್ನೂ ಬಲ್ಲವನು. ಚಟ ಬಿಡಬೇಕಾದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು, ಭಾವ ಅಂಗಡಿಗೆ ಹೋಗುವುದು ಕಚೇರಿಯಿಂದಲೇ ಆದ್ದರಿಂದ ಕಚೇರಿಯ ಮೇಜಿನ ಮೇಲೇ ಇಡಬೇಕು ಎಂದು ಅವನು ಸೋಫಾದಲ್ಲಿ ಮಲಗಿಕೊಂಡೇ ಅಪ್ಪಣೆ ಕೊಡಿಸಿದ. ಈ ಲೋಕದಲ್ಲಿ ಪುಕ್ಕಟೆ ಸಿಗುವ ಕವರ್‌ನಷ್ಟೇ ಅಪಾಯಕಾರಿಯಾದದ್ದು ಪುಕ್ಕಟೆ ಸಿಗುವ ಸಲಹೆ. ಸೀಲಪ್ಪ ಎರಡನ್ನೂ ಬೇಡ ಎನ್ನಲು ಕಲಿತವನಲ್ಲ.

ಮರುದಿನ ಅವನು ಒಂದು ರಟ್ಟಿನ ಮೇಲೆ ಸೀಲಿನ ಶಾಯಿಯಿಂದಲೇ ಬರೆದ: 'ಇಂದಿನಿಂದ ನಾನು ಕವರ್ ತೆಗೆದುಕೊಳ್ಳುವುದಿಲ್ಲ. ಇದು ನನ್ನ ಶಪಥ.' ಕೆಳಗೆ ಸಹಿ ಹಾಕಿದ. ಕೈ ಸುಮ್ಮನಿರದೆ ಒಂದು ಸೀಲನ್ನೂ ಒತ್ತಿದ. ರಟ್ಟನ್ನು ತನಗೆ ಕಾಣುವ ಹಾಗೆ ಮೇಜಿನ ಮೇಲೆ ನಿಲ್ಲಿಸಿ, ಚಹಾ ಕುಡಿಯಲು ಎದ್ದುಹೋದ.

ಅವನು ಅತ್ತ ಹೋದ, ಇತ್ತ ಕಸ ಗುಡಿಸುವಾಕೆ ಬಂದಳು. ಕಚೇರಿಯ ಬೋರ್ಡುಗಳೆಲ್ಲ ಜನರ ಕಡೆ ಮುಖ ಮಾಡಿರುವುದು ಅವಳಿಗೆ ಗೊತ್ತು. ಇದೊಂದು ಒಳಗೆ ಮುಖ ಮಾಡಿ ನಿಂತಿದೆ. ಪಾಪ, ಸೀಲಪ್ಪನ ಮರೆವು ಎಂದುಕೊಂಡು ಅದನ್ನು ಚೆನ್ನಾಗಿ ಒರೆಸಿ, ತಿರುಗಿಸಿ, ಕೌಂಟರಿನ ಗಾಜಿಗೆ ಒರಗಿಸಿಟ್ಟು ಹೋದಳು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ಜನ 'ಕವರ್' ಎಂಬ ಒಂದು ಪದವನ್ನು ಕತ್ತೆ ದುಡಿಸಿದ ಹಾಗೆ ದುಡಿಸುತ್ತಾರೆ. ಅಂಗಡಿಯವನು ಈರುಳ್ಳಿ ಹಾಕಿಕೊಡುವುದೂ ಕವರ್, ಕಾಗದ ಹಾಕಿ ಅಂಚೆಗೆ ಕೊಡುವುದೂ ಕವರ್, ಫೋನಿಗೆ ತೊಡಿಸುವುದೂ ಕವರ್, ದಿಂಬಿಗೆ ಹಾಕುವುದೂ ಕವರ್. ಇವೆಲ್ಲ ಸಾಲದೆಂದು, ಸರ್ಕಾರಿ ಕಚೇರಿಯ ಮೇಜಿನ ಕೆಳಗೆ ಒಂದು ಕೈಯಿಂದ ಇನ್ನೊಂದು ಕೈಗೆ ಸದ್ದಿಲ್ಲದೆ ಹೋಗುವುದೂ ಕವರ್. ಮನೆಯಲ್ಲಿ ಆಡಿದ ಮಾತನ್ನು ಕಚೇರಿಗೆ ತಂದರೆ ಅದಕ್ಕೆ ಬೇರೆ ಅರ್ಥ ಬರುತ್ತದೆ ಎಂಬುದು ಬಾಮೈದನಂಥ ಪಂಡಿತನಿಗೂ ಹೊಳೆದಿರಲಿಲ್ಲ.

ಸೀಲಪ್ಪ ಚಹಾ ಮುಗಿಸಿ ಬಂದಾಗ ಸಾಲಿನಲ್ಲಿದ್ದವರೆಲ್ಲ ರಟ್ಟನ್ನು ಓದುತ್ತಿದ್ದರು. ತಾನೇ ಆ ಕಡೆಗೆ ತಿರುಗಿಸಿಟ್ಟು ಮರೆತಿರಬೇಕು ಎಂದುಕೊಂಡ. ಓದಲು ಬಾರದ ಒಬ್ಬ ಅಜ್ಜನಿಗೆ ಪಕ್ಕದವರು ಓದಿ ಹೇಳುತ್ತಿದ್ದರು. ಅಜ್ಜ ಕೈಮುಗಿದು, ಇಷ್ಟು ದಿನ ತಗೊಂಡದ್ದನ್ನು ಹೀಗೆ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದಕ್ಕೂ ಎದೆ ಬೇಕಪ್ಪ ಎಂದ. ಸೀಲಪ್ಪನಿಗೆ ಕಣ್ಣು ತುಂಬಿ ಬಂತು. ಕವರ್ ಬಿಡುವ ಕಷ್ಟ ಅರ್ಥ ಮಾಡಿಕೊಂಡ ಮೊದಲನೆಯ ಮನುಷ್ಯ ಇವನೇ ಎಂದುಕೊಂಡ.

ಸುದ್ದಿ ಕೇಳಿ ಹೆಡ್ ಕ್ಲರ್ಕರು ಅವನನ್ನು ಒಳಗೆ ಕರೆದರು. ಹೆಡ್ ಕ್ಲರ್ಕರ ಮೇಜಿನ ಕೆಳಗಿನ ಡ್ರಾಯರು ಸದಾ ಬೀಗ ಹಾಕಿಕೊಂಡಿರುತ್ತಿತ್ತು. ಅದರ ವಿಷಯ ನಾವು ಇಷ್ಟಕ್ಕೇ ನಿಲ್ಲಿಸುವುದು ಕ್ಷೇಮ. ಅವರು ಬಾಗಿಲು ಹಾಕಿ, ಚಿಲಕ ಹಾಕಿ, ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಕೇಳಿದರು.

"ಇದು ನಿಜವೇನಯ್ಯಾ?"

"ನಿಜ ಸಾರ್. ಕಷ್ಟ ಇದೆ, ಆದ್ರೆ ಬಿಡಲೇಬೇಕು."

"ದಿನಕ್ಕೆ ಎಷ್ಟು ತಗೊಳ್ತಿದ್ದೆ?"

"ಎರಡೋ ಮೂರೋ ಆಗ್ತಿತ್ತು ಸಾರ್. ಭಾನುವಾರ ಲೆಕ್ಕವೇ ಇಲ್ಲ."

ಹೆಡ್ ಕ್ಲರ್ಕರು ಕುರ್ಚಿಯ ಕೈ ಹಿಡಿದುಕೊಂಡರು. ತಮ್ಮ ಇಡೀ ಸೇವಾವಧಿಯಲ್ಲಿ ಅವರು ಭಾನುವಾರ ದುಡಿದವರಲ್ಲ.

"ಕೇಳಿ ತಗೊಳ್ತಿದ್ದೆಯೋ, ಅವರಾಗೇ ಕೊಡ್ತಿದ್ರೋ?"

"ನಾನು ಬಾಯಿ ಬಿಡೋ ಮೊದಲೇ ಕೊಟ್ಟುಬಿಡ್ತಾರೆ ಸಾರ್. ಬೇಡ ಅಂದ್ರೂ ಕೈಗೆ ತುರುಕ್ತಾರೆ. ಒಂದು ಸಾಕು ಅಂದ್ರೆ, ತೆಳ್ಳಗಿದೆ, ಎರಡು ಇಟ್ಕೊಳ್ಳಿ ಅಂತಾರೆ."

"ಅಷ್ಟನ್ನೂ ಎಲ್ಲಿ ಇಟ್ಟಿದ್ದೀಯ?"

"ಸಿಂಕಿನ ಕೆಳಗೆ ಸಾರ್. ಜಾಗ ಸಾಲದೆ ಬಾಗಿಲಿಗೆ ಹಗ್ಗ ಕಟ್ಟಿದೀವಿ."

ಹೆಡ್ ಕ್ಲರ್ಕರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇಷ್ಟು ವರ್ಷ ಎದುರಿಗೇ ಕೂತು, ಮೂಗಿಗೆ ಶಾಯಿ ಮೆತ್ತಿಕೊಂಡು, ಏನೂ ಅರಿಯದ ಪೆದ್ದನ ಹಾಗೆ ಇದ್ದುಕೊಂಡು, ಇವನು ಕಪಾಟುಗಟ್ಟಲೆ ತುಂಬಿಸಿಟ್ಟಿದ್ದಾನೆ. ತಮಗೊಂದು ಪಾಲು ಕೊಡಬೇಕು ಎಂಬ ಕನಿಷ್ಠ ಸೌಜನ್ಯವೂ ಇಲ್ಲ. ಈಗ ಬೇರೆ ಒಳ್ಳೆಯವನಾಗಲು ಹೊರಟಿದ್ದಾನೆ. ಒಬ್ಬ ಒಳ್ಳೆಯವನಾದರೆ ಉಳಿದವರ ಡ್ರಾಯರುಗಳ ಗತಿ ಏನು? ಅವರು ಒಂದು ಕುರ್ಚಿಯನ್ನು ಮುಂದಕ್ಕೆ ತಳ್ಳಿ, "ಕೂತ್ಕೊಳ್ಳಿ ಸೀಲಪ್ಪನವರೇ," ಎಂದರು. ಆ ಕೋಣೆಯಲ್ಲಿ ಸೀಲಪ್ಪ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಅವನ ಬದುಕು ಬೇರೆಯೇ ಒಂದು ತೆರನಾಯಿತು. ಇದುವರೆಗೆ ಅವನ ತಲೆಯ ಮೇಲಿಂದ ನೋಡಿಕೊಂಡು ಹೋಗುತ್ತಿದ್ದ ಕಂಟ್ರಾಕ್ಟರುಗಳು ನಿಂತು ನಮಸ್ಕಾರ ಮಾಡಿದರು. ಜೊತೆಯ ಗುಮಾಸ್ತರು ಊಟದ ಡಬ್ಬಿ ಹಿಡಿದು ಅವನ ಮೇಜಿಗೇ ಬಂದರು. ಎದುರುಮನೆಯ ದರ್ಜಿ, ಬಟ್ಟೆ ಹೊಲಿಯುವುದಕ್ಕಿಂತ ಬೀದಿಯ ಸುದ್ದಿ ಹೊಲಿಯುವುದರಲ್ಲೇ ಹೆಚ್ಚು ಪಳಗಿದವನು, ಸ್ಟೂಲಿನ ಮೇಲಿದ್ದ ಬಟ್ಟೆಯ ಚೂರುಗಳನ್ನು ತೆಗೆದು, ಊದಿ, "ಬನ್ನಿ ಸಾರ್, ಕೂತ್ಕೊಳ್ಳಿ," ಎಂದ. ಸೀಲಪ್ಪ ಸಂಕೋಚದಿಂದ ಕೂತ.

"ನಮಗೆ ಗೊತ್ತೇ ಆಗ್ಲಿಲ್ಲವಲ್ಲ ಸಾರ್," ಎಂದ ದರ್ಜಿ ಅಭಿಮಾನದಿಂದ. "ಹರಿದ ಕಾಲರ್ ತಿರುಗಿಸಿ ಹೊಲಿಸ್ಕೊಳ್ತಿದ್ರಿ. ನಾನು ಪಾಪ, ಬಡವರು ಅಂದ್ಕೊಂಡಿದ್ದೆ. ಒಳಗೊಳಗೇ ಲಂಚ ಇಷ್ಟು ಅಚ್ಚುಕಟ್ಟಾಗಿ ನುಂಗಿದೋರನ್ನ ನಾನು ನೋಡೇ ಇಲ್ಲ."

ಸೀಲಪ್ಪ ಸ್ಟೂಲಿನಿಂದ ಎದ್ದುಬಿಟ್ಟ. ಅಜ್ಜನ ಕೈಮುಗಿತ, ಹೆಡ್ ಕ್ಲರ್ಕರ ಕುರ್ಚಿ, ಕಂಟ್ರಾಕ್ಟರುಗಳ ನಮಸ್ಕಾರ ಎಲ್ಲ ಒಟ್ಟಿಗೆ ಅರ್ಥವಾಯಿತು. ತನ್ನ ಏಕಮಾತ್ರ ಆಸ್ತಿಗೆ ತಾನೇ ಸಹಿ ಮಾಡಿ, ಸೀಲು ಒತ್ತಿ, ಬೆಂಕಿ ಇಟ್ಟಿದ್ದ.

"ಅಯ್ಯೋ ಮಾರಾಯ, ಆ ಕವರ್ ಅಲ್ಲಪ್ಪ. ಪ್ಲಾಸ್ಟಿಕ್ ಕವರ್."

"ಪ್ಲಾಸ್ಟಿಕ್ಕೇ ಒಳ್ಳೇದು ಸಾರ್," ಎಂದ ದರ್ಜಿ. "ಕಾಗದದ್ದಾದ್ರೆ ನೆನೆದುಹೋಗುತ್ತೆ."

ಅಂದಿನಿಂದ ಸೀಲಪ್ಪ ಕಂಡಕಂಡವರ ಮುಂದೆ ಬಿಡಿಸಿ ಹೇಳಲು ಶುರುಮಾಡಿದ. ಹೇಳಿದಷ್ಟೂ ಗಂಟು ಬಿಗಿಯಾಯಿತು. ಎಂದೂ ಕವರ್ ಮುಟ್ಟಿದವನಲ್ಲ ಎಂದರೆ, ಹಾಗಾದರೆ ಬಿಡುತ್ತೇನೆಂದು ಶಪಥ ಯಾಕೆ ಮಾಡಿದಿರಿ ಎನ್ನುತ್ತಿದ್ದರು. ಮುಟ್ಟಿದ್ದೇನೆ, ಆದರೆ ತರಕಾರಿಯದ್ದು ಎಂದರೆ, ತರಕಾರಿ ಮಾರುವವರನ್ನೂ ಬಿಡಲಿಲ್ಲವೇ ಎಂದು ಬಾಯಿಗೆ ಕೈ ಇಟ್ಟುಕೊಳ್ಳುತ್ತಿದ್ದರು. ಹಿಂದೆ ಅವನಿಂದ ಪುಕ್ಕಟೆ ಸೀಲು ಹಾಕಿಸಿಕೊಂಡು ಹೋಗಿದ್ದವರು ಬಂದು ಜಗಳ ತೆಗೆದರು. ಎಲ್ಲರ ಹತ್ತಿರ ತೆಗೆದುಕೊಂಡು ನಮ್ಮೊಬ್ಬರ ಹತ್ತಿರ ಮಾತ್ರ ಕೇಳಲಿಲ್ಲವಲ್ಲ, ನಾವೇನು ಕೊಡುವುದಕ್ಕೆ ಗತಿಯಿಲ್ಲದವರೇ ಎಂಬುದು ಅವರ ತಕರಾರು. ಸ್ವಂತ ಅಕ್ಕ ದೂರದ ಊರಿನಿಂದ ಫೋನು ಮಾಡಿ ಅತ್ತಳು. ತಮ್ಮ ಲಂಚ ತಿಂದ ಎಂದಲ್ಲ. ಅಷ್ಟೆಲ್ಲ ತಿಂದೂ ಸೋದರಮಾವನಾಗಿ ತನ್ನ ಮಗಳ ಮದುವೆಗೆ ಒಂದು ಗೋಡೆ ಗಡಿಯಾರ ಕೊಟ್ಟು ಕೈತೊಳೆದುಕೊಂಡನಲ್ಲ, ಅದೂ ನಡೆಯದ ಗಡಿಯಾರ, ಎಂದು. ಬಾಮೈದನಂತೂ ಸೋಫಾದಿಂದ ಎದ್ದು ನಿಂತು, "ಭಾವ, ನನಗೂ ಒಂದು ಸೀಲಿನ ಕೆಲಸ ಕೊಡಿಸಿ," ಎಂದ. ಅವನು ಕೆಲಸದ ಮಾತೆತ್ತಿದ್ದು ಹುಟ್ಟಿದಮೇಲೆ ಅದೇ ಮೊದಲು.

ಎಲ್ಲಕ್ಕಿಂತ ಕಷ್ಟವಾದದ್ದು ಅಂಗಡಿಯಲ್ಲಿ. ಮರೆತು ಬರಿಗೈಲಿ ಹೋದ ಸೀಲಪ್ಪನನ್ನು ಕಂಡೊಡನೆ ಅಂಗಡಿಯವನು ಕವರ್‌ಗಳ ಕಟ್ಟನ್ನು ಎತ್ತಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ನಿಮಗೆ ಕವರ್ ಕೊಟ್ಟೆ ಎಂದು ನಾಳೆ ನನ್ನ ಮೇಲೆ ಕೇಸು ಬಿದ್ದರೆ ಅಂಗಡಿ ನೋಡಿಕೊಳ್ಳುವವರು ಯಾರು, ನಾನು ಮಕ್ಕಳೊಂದಿಗ ಎಂದು ಕೈಮುಗಿದ. ಸೀಲಪ್ಪ ಟೊಮೇಟೊಗಳನ್ನು ಅಂಗಿಯ ಮುಂಭಾಗದಲ್ಲಿ ಮಡಿಲು ಮಾಡಿ ತುಂಬಿಕೊಂಡ. ಮೊಟ್ಟೆಗಳನ್ನು ಹೆಲ್ಮೆಟ್ಟಿನಲ್ಲಿಟ್ಟುಕೊಂಡ. ಹೆಲ್ಮೆಟ್ಟು ಕೈಯಲ್ಲಿದ್ದುದರಿಂದ ತಲೆ ಬರಿದಾಗಿತ್ತು, ತಲೆ ಬರಿದಾಗಿದ್ದುದರಿಂದ ಸ್ಕೂಟರು ಓಡಿಸುವಂತಿರಲಿಲ್ಲ. ಅದನ್ನು ತಳ್ಳಿಕೊಂಡು ಮನೆಗೆ ಬಂದ. ಕವರ್ ಇಲ್ಲದೆ ಬಂದ ಗಂಡನನ್ನು ಕಂಡು ಹೆಂಡತಿಗೆ ಖುಷಿಯೋ ಖುಷಿ. ಮನಸ್ಸು ಮಾಡಿದರೆ ನಿಮ್ಮ ಕೈಲಿ ಆಗುತ್ತದೆ ನೋಡಿ ಎಂದಳು. ಬೀದಿಯ ಹೆಂಗಸರು ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದುದರಿಂದ ಅವಳಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಹೇಳಲು ಸೀಲಪ್ಪನಿಗೆ ಧೈರ್ಯ ಸಾಲಲಿಲ್ಲ.

ಇತ್ತ ಹೆಡ್ ಕ್ಲರ್ಕರು, ತಮ್ಮ ಡ್ರಾಯರಿನ ಕಡೆ ಯಾರಾದರೂ ತಿರುಗಿ ನೋಡುವ ಮೊದಲೇ ಎಲ್ಲರ ಕಣ್ಣು ಸೀಲಪ್ಪನ ಸಿಂಕಿನ ಕಡೆ ತಿರುಗಲಿ ಎಂದು ಮೇಲಿನವರಿಗೆ ದೂರು ಕೊಟ್ಟರು. ಭಾನುವಾರ ಬೆಳಿಗ್ಗೆ ವಿಚಾರಣೆಯ ಅಧಿಕಾರಿ ಜೀಪಿನಲ್ಲಿ ಬಂದಿಳಿದರು. ದಪ್ಪ ಮೀಸೆ, ನಗುವೇ ಇಲ್ಲದ ಮುಖ. ಸೀಲಪ್ಪ ಸ್ನಾನದ ಮನೆಯಲ್ಲಿದ್ದ. ಬಾಗಿಲು ತೆರೆದದ್ದು ಹೆಂಡತಿ.

"ಇದು ಸೀಲಪ್ಪನ ಮನೇನಾ? ನಾವು ಕವರ್ ವಿಷಯವಾಗಿ ಬಂದಿದ್ದೀವಿ."

ಪ್ಲಾಸ್ಟಿಕ್ ತ್ಯಾಜ್ಯ ತೆಗೆದುಕೊಂಡು ಹೋಗಲು ಗಾಡಿ ಬರುತ್ತದೆ ಎಂದು ಅವಳು ಎಲ್ಲೋ ಕೇಳಿದ್ದಳು. ಜೀಪು ಬಂದದ್ದು ನೋಡಿ ಅವಳಿಗೆ ಹಿಡಿಸಲಾರದಷ್ಟು ಸಂತೋಷವಾಯಿತು.

"ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ. ಎಲ್ಲ ಅಡುಗೆಮನೇಲಿದೆ. ಒಂದೂ ಬಿಡದೆ ತಗೊಂಡ್ಹೋಗಿ, ಮನೆ ಹಗುರಾಗುತ್ತೆ."

ತಮ್ಮ ಉದ್ಯೋಗದಲ್ಲಿ ಇಂಥ ಸ್ವಾಗತವನ್ನು ಅಧಿಕಾರಿ ಕಂಡಿರಲಿಲ್ಲ. ಕಪಾಟಿನ ಮುಂದೆ ಮಂಡಿಯೂರಿ ಹಗ್ಗ ಬಿಚ್ಚಿದರು. ಬಿಚ್ಚಿದ ಮರುಗಳಿಗೆಯಲ್ಲಿ ಅವರು ಸೊಂಟದವರೆಗೆ ಕಾಣೆಯಾದರು. ಕೆಂಪು, ಬಿಳಿ, ಕಪ್ಪು, ನೀಲಿ, ಹಿಡಿಯಿದ್ದದ್ದು, ಹಿಡಿ ಹರಿದದ್ದು, ಕವರಿನೊಳಗೆ ಕವರು, ಅದರೊಳಗೆ ಇನ್ನೊಂದು. ಅಧಿಕಾರಿ ಒಂದೊಂದನ್ನೂ ಬಿಚ್ಚಿ ಒಳಗೆ ಕೈಹಾಕಿ ನೋಡಿದರು. ಸಿಕ್ಕಿದ್ದು ಈರುಳ್ಳಿ ಸಿಪ್ಪೆ, ಒಣಗಿದ ಸೊಪ್ಪಿನ ಕಡ್ಡಿ, ರಬ್ಬರ್ ಬ್ಯಾಂಡು ಮತ್ತು ಮಗಳ ಕಳೆದುಹೋದ ಒಂದು ಕಾಲುಚೀಲ. ಮೀಸೆಗೆ ಸೊಪ್ಪು ಹತ್ತಿದಾಗ ಅವರ ತಾಳ್ಮೆ ತೀರಿತು.

"ಇದಲ್ಲಮ್ಮ. ದುಡ್ಡಿರೋ ಕವರ್ ಎಲ್ಲಿ? ನಿಮ್ಮ ಯಜಮಾನರು ಲಂಚ ತಗೊಂಡು ತಂದಿಟ್ಟಿದ್ದು."

ಅಷ್ಟರಲ್ಲಿ ಸೀಲಪ್ಪ ಟವೆಲ್ಲು ಸುತ್ತಿಕೊಂಡು, ಒಂದು ಕಿವಿಯಲ್ಲಿ ಸೋಪಿನ ನೊರೆ ಇಟ್ಟುಕೊಂಡು ಬಾಗಿಲಲ್ಲಿ ಬಂದು ನಿಂತಿದ್ದ. ಕಿಟಕಿಯ ಹೊರಗೆ ದರ್ಜಿ, ದರ್ಜಿಯ ಹಿಂದೆ ಅರ್ಧ ಬೀದಿ. ಹೆಂಡತಿ ಗಂಡನ ಮುಖ ನೋಡಿದಳು. ಅವನು ಟವೆಲ್ಲಿನ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಕೆಲಸ ಹೋದರೆ ಹೋಗಲಿ, ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಇವಳ ಕಣ್ಣಲ್ಲೂ ಹೋಯಿತಲ್ಲ ಎಂದು ಅವನಿಗೆ ಸಂಕಟವಾಗುತ್ತಿತ್ತು. ಅವಳು ಕಿಟಕಿಯ ಕಡೆಗೂ ಒಮ್ಮೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇವರಾ? ಲಂಚಾನಾ?" ಎಂದಳು, ಬೀದಿಗೆಲ್ಲ ಕೇಳುವ ಹಾಗೆ. "ಸ್ವಾಮಿ, ಲಂಚ ತಗೊಳ್ಳೋಕೆ ಜ್ಞಾಪಕಶಕ್ತಿ ಬೇಕು. ಯಾರು ಕೊಟ್ರು, ಯಾವ ಕೆಲಸಕ್ಕೆ ಕೊಟ್ರು, ಯಾವ ಜೇಬಲ್ಲಿ ಇಟ್ಟೆ, ಅಷ್ಟಾದ್ರೂ ನೆನಪಿರಬೇಡವಾ? ಇವರು ಬ್ಯಾಂಕಿಗೆ ಹೋಗಿ ತಮ್ಮ ಸ್ವಂತ ದುಡ್ಡು ತೆಗೆದು ಅಲ್ಲೇ ಕೌಂಟರ್ ಮೇಲೆ ಬಿಟ್ಟು ಬಂದೋರು. ಮಗಳನ್ನ ಸ್ಕೂಲಿಂದ ಕರ್ಕೊಂಡು ಬನ್ನಿ ಅಂದ್ರೆ ಅವಳ ಬ್ಯಾಗ್ ಮಾತ್ರ ತಂದ್ರು. ಅವಳೆಲ್ಲಿ ಅಂದ್ರೆ, ಬ್ಯಾಗಲ್ಲಿಲ್ವಾ ಅಂತ ಬಗ್ಗಿ ನೋಡಿದ್ರು. ಯಾವ ಪುಣ್ಯಾತ್ಮನಾದ್ರೂ ಇವರಿಗೆ ಲಂಚ ಕೊಟ್ಟಿದ್ರೆ ಅದನ್ನ ಕೊಟ್ಟೋರ ಮನೇಲೇ ಮರೆತು ಬಂದಿರ್ತಾರೆ. ಅಲ್ಲಿ ಹೋಗಿ ಹುಡುಕಿ."

ಮೊದಲು ನಕ್ಕವನು ದರ್ಜಿ. ಆಮೇಲೆ ಅರ್ಧ ಬೀದಿ. ಅಧಿಕಾರಿ ತಡೆದುಕೊಂಡರು, ಮೀಸೆ ಕುಣಿಯಿತು, ಕೊನೆಗೆ ಕವರ್‌ಗಳ ಗುಡ್ಡೆಯಲ್ಲಿ ಕೂತೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದಲೇ ಹೆಡ್ ಕ್ಲರ್ಕರಿಗೆ ಫೋನು ಹಚ್ಚಿ, ಲಂಚ ತಿನ್ನುವುದು ಈ ಮನುಷ್ಯನ ಕೈಲಾಗುವ ಕೆಲಸವಲ್ಲ, ಸುಮ್ಮನೆ ನನ್ನ ಭಾನುವಾರ ಹಾಳು ಮಾಡಿದಿರಿ, ನಾಳೆ ನಿಮ್ಮ ಕಚೇರಿಗೇ ಬಂದು ನೋಡುತ್ತೇನೆ ಎಂದು ಗದರಿದರು. ಆ ಕಡೆ ಯಾವುದೋ ಡ್ರಾಯರು ಎಳೆದ ಸದ್ದು ಕೇಳಿಸಿತು. ಹೋಗುವಾಗ ಸೀಲಪ್ಪನ ಬೆನ್ನು ತಟ್ಟಿ, "ಕಿವಿ ತೊಳ್ಕೊಳ್ಳಯ್ಯಾ," ಎಂದರು.

ಹೀಗೆ ಸೀಲಪ್ಪನ ಹೆಸರಿಗೆ ಹತ್ತಿದ್ದ ಮಸಿ ಒಂದೇ ಬೆಳಗಿನಲ್ಲಿ ತೊಳೆದುಹೋಯಿತು. ಅದರ ಜೊತೆಗೆ ಬೇರೆ ಕೆಲವೂ ಹೋದವು. ಕಂಟ್ರಾಕ್ಟರುಗಳು ಮತ್ತೆ ಅವನ ತಲೆಯ ಮೇಲಿಂದ ನೋಡತೊಡಗಿದರು. ಗುಮಾಸ್ತರ ಊಟದ ಡಬ್ಬಿಗಳು ತಂತಮ್ಮ ಮೇಜಿಗೆ ಮರಳಿದವು. ಬಾಮೈದ ಸೋಫಾಕ್ಕೆ ಮರಳಿದ. ದರ್ಜಿ, "ಏನೋ ಸೀಲಪ್ಪ, ಬ್ಯಾಗಲ್ಲಿ ಮಗಳು ಸಿಕ್ಕಿದ್ಲಾ?" ಎಂದು ಕೇಳಿದ. ಸ್ಟೂಲಿನ ಮೇಲೆ ಬಟ್ಟೆಯ ಚೂರುಗಳು ಹಾಗೇ ಇದ್ದವು. ಅಂಗಡಿಯವನು ಮಾತ್ರ, ಕೇಸಿನ ಭಯ ಹೋದಮೇಲೂ, ಕವರ್ ಕೊಡಲಿಲ್ಲ. ಕೊಡದೆ ಇದ್ದರೂ ಗಿರಾಕಿ ಸಾಮಾನು ಹೊತ್ತುಕೊಂಡು ಹೋಗುತ್ತಾನೆ, ಹೆಲ್ಮೆಟ್ಟಾದರೂ ತರುತ್ತಾನೆ ಎಂಬುದು ಅವನಿಗೆ ಖಾತ್ರಿಯಾಗಿತ್ತು.

ಆ ಭಾನುವಾರ ಸಂಜೆ ಅಡುಗೆಮನೆಯಲ್ಲಿ ಹೆಂಡತಿ, ಕವರ್‌ಗಳನ್ನೆಲ್ಲ ಮೂಟೆ ಕಟ್ಟಿಟ್ಟು, ಖಾಲಿ ಕಪಾಟನ್ನು ಒರೆಸುತ್ತಿದ್ದಳು. ಸೀಲಪ್ಪ ಬಾಗಿಲಿಗೆ ಒರಗಿ ನಿಂತು ಮುಖ ಊದಿಸಿಕೊಂಡಿದ್ದ. ತಡೆದೂ ತಡೆದೂ ಕೊನೆಗೆ ಕೇಳಿಯೇಬಿಟ್ಟ.

"ಅಷ್ಟು ಜನರ ಮುಂದೆ ನನ್ನ ಮಾನ ಕಳೀಬೇಕಿತ್ತಾ? ನನ್ನ ಗಂಡ ಪ್ರಾಮಾಣಿಕ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ.

"ಹೇಳಬಹುದಿತ್ತು ರೀ. ನೀವು ಪ್ರಾಮಾಣಿಕರು ಅಂತ ನನಗೆ ಗೊತ್ತು. ಆದ್ರೆ ಗಂಡ ಪ್ರಾಮಾಣಿಕ ಅಂತ ಹೆಂಡತಿ ಹೇಳಿದ್ರೆ ಯಾರು ನಂಬ್ತಾರೆ? ಗಂಡ ಮರೆಗುಳಿ ಅಂದ್ರೆ ಎಲ್ಲರೂ ನಂಬ್ತಾರೆ. ನಂಬೋದನ್ನೇ ಹೇಳ್ದೆ."

ಸೀಲಪ್ಪ ಬಾಗಿಲಿನಿಂದ ಬೆನ್ನು ತೆಗೆದ. ಅವಳಿಗೆ ತನ್ನ ಹೆಸರಿನ ಮೇಲೆ ಒಂದು ಗಳಿಗೆಯೂ ಅನುಮಾನ ಬಂದಿರಲಿಲ್ಲ ಎಂಬುದು ನಿಧಾನವಾಗಿ ಅವನ ತಲೆಗೆ ಇಳಿಯಿತು. ಇಷ್ಟು ವರ್ಷದ ದಾಂಪತ್ಯದಲ್ಲಿ ಎಂದೂ ಹೇಳದ ಒಂದು ಒಳ್ಳೆಯ ಮಾತು ಅವನಿಗೆ ಹೊಳೆಯಿತು. ಹೇಳಬೇಕೆಂದು ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕಪಾಟಿನ ಬಾಗಿಲು ಹಿಡಿದುಕೊಂಡು, ಬಾಯಿ ತೆರೆದ. ಅಷ್ಟರಲ್ಲಿ ಅದು ಮರೆತುಹೋಯಿತು.